ಅಘನಾಶಿನಿಯ ಗುಂಟ, ಥೀಸಿಸ್ ಹೊತ್ತು

ಸೋಮವಾರ, ಶಿರಸಿ

ನಾವು ಮೂವರೂ ಅಘನಾಶಿನಿ ಕಣಿವೆಯಲ್ಲೇ ಪಿಎಚ್‌ಡಿ ಕೆಲಸ ಮಾಡಿದವರು. ಗೆಳೆಯನದು ಅಡಿಕೆ ತೋಟಗಳಿಗೆ ಸೇರಿದ ಸೊಪ್ಪಿನ ಬೆಟ್ಟದ ಮಣ್ಣು, ಗೆಳತಿಯದು ಹಳ್ಳದ ಕಪ್ಪೆಗಳು, ನನ್ನದು ಹೊಳೆ ಕಡಲು ಸೇರುವ ಅಳಿವೆಯಲ್ಲಿ ಸಿಗುವ ಬಳಚು ಎಂಬ ಚಿಪ್ಪುಜೀವಿ. ವರ್ಷಗಟ್ಟಲೆ ಈ ಊರುಗಳ ಜನ ನಮಗೆ ದಾರಿ ತೋರಿಸಿದರು, ದೋಣಿ ಕೊಟ್ಟರು, ಮಳೆಯಲ್ಲಿ ನೆನೆದು ಬಂದರೆ ಒಲೆಯ ಮುಂದೆ ಕೂರಿಸಿದರು. ಹೊರಡುವಾಗ ಎಲ್ಲರೂ ಕೇಳುತ್ತಿದ್ದ ಮಾತು ಒಂದೇ: "ಎಲ್ಲ ಅಳೆದ್ರಿ, ಬರೆದುಕೊಂಡ್ರಿ. ಕಡೆಗೆ ಎಂತ ಗೊತ್ತಾಯ್ತು?" ಗೊತ್ತಾದದ್ದೆಲ್ಲ ಇಂಗ್ಲಿಷಿನಲ್ಲಿ, ಹಣ ಕಟ್ಟಿ ಓದಬೇಕಾದ ಪತ್ರಿಕೆಗಳಲ್ಲಿ ಇದೆ. ಪ್ರಬಂಧ ಗ್ರಂಥಾಲಯದ ಕಪಾಟು ಸೇರುತ್ತದೆ. ಇಲ್ಲಿಯ ಒಬ್ಬರ ಕೈಗೂ ಅದು ಬರುವುದಿಲ್ಲ. ಅದಕ್ಕೇ ನವರಾತ್ರಿ ಕಳೆದ ಮೇಲೆ, ಅಡಿಕೆಯ ಕೊನೆಕೊಯ್ಲು ಶುರುವಾಗುವ ಮೊದಲು, ಹೊಳೆ ಹುಟ್ಟುವಲ್ಲಿಂದ ಸಮುದ್ರ ಸೇರುವವರೆಗೆ ಒಂದು ವಾರ ಊರೂರಿಗೆ ಹೋಗಿ, ಕಂಡದ್ದನ್ನು ಕಂಡ ಜಾಗದಲ್ಲೇ ಹೇಳಿ ಬರೋಣ ಎಂದು ಹೊರಟೆವು.

ಬಸ್ಸಿನಲ್ಲಿ ಗೆಳತಿ ತನ್ನ ಮಾತನ್ನು ಮೂರು ನಿಮಿಷಕ್ಕೆ ಇಳಿಸುವ ಅಭ್ಯಾಸ ಮಾಡುತ್ತಿದ್ದಳು. ಪಿಎಚ್‌ಡಿಯನ್ನು ಮೂರು ನಿಮಿಷದಲ್ಲಿ ಹೇಳುವ ಸ್ಪರ್ಧೆ ಈಗ ಲೋಕದ ತುಂಬ ಇದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಅದು ಶುರುವಾಯಿತು. ಆಗ ಅಲ್ಲಿ ಬರ. ಸ್ನಾನ ಮೂರು ನಿಮಿಷದಲ್ಲಿ ಮುಗಿಯಲಿ ಎಂದು ಜನ ಬಚ್ಚಲ ಗೋಡೆಗೆ ಮರಳು ಗಡಿಯಾರ ಅಂಟಿಸಿಕೊಂಡಿದ್ದರಂತೆ, ಸ್ಪರ್ಧೆಯ ಕಲ್ಪನೆ ಹೊಳೆದದ್ದು ಅದರಿಂದ. ನಮ್ಮ ದೇಶದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯೂ 2018ರಲ್ಲಿ 'ಅವಸರ್' ಎಂಬ ಯೋಜನೆ ತಂದು, ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಕೆಲಸವನ್ನು ಸಾಮಾನ್ಯರಿಗೆ ತಿಳಿಯುವಂತೆ ಬರೆದರೆ ಬಹುಮಾನ ಕೊಡತೊಡಗಿತು. ಎರಡೂ ಒಳ್ಳೆಯವೇ. ಆದರೆ ಎರಡರಲ್ಲೂ ಮಾತು ಒಂದೇ ಕಡೆಗೆ ಹರಿಯುತ್ತದೆ. ಕೇಳಿದವರು ತಿರುಗಿ ಕೇಳುವ ಪ್ರಶ್ನೆಗೆ ಅಲ್ಲಿ ಜಾಗ ಕಡಿಮೆ. ನಮಗೆ ಬೇಕಾಗಿದ್ದದ್ದು ಆ ಪ್ರಶ್ನೆಗಳೇ.

ಸಂಜೆ ಶಂಕರಹೊಂಡಕ್ಕೆ ಹೋದೆವು. ಅಘನಾಶಿನಿಯ ಒಂದು ಮೂಲ ಶಿರಸಿ ಪೇಟೆಯ ಈ ಹೊಂಡ, ಇನ್ನೊಂದು ಮಂಜುಗುಣಿಯ ಕಡೆಯದು. ಇಲ್ಲಿಂದ ಕಡಲಿನವರೆಗೆ ಸುಮಾರು 120 ಕಿಲೋಮೀಟರ್. ನಡುವೆ ಎಲ್ಲಿಯೂ ಅಣೆಕಟ್ಟಿಲ್ಲ. ಪಶ್ಚಿಮಕ್ಕೆ ಹರಿಯುವ ನಮ್ಮ ಹೊಳೆಗಳಲ್ಲಿ ಹೀಗೆ ತಡೆಯಿಲ್ಲದೆ ಉಳಿದವು ಕಡಿಮೆ. ಮೇಲಿನ ಬೆಟ್ಟದಲ್ಲಿ ಆದದ್ದು ಕೆಳಗಿನ ಅಳಿವೆಯಲ್ಲಿ ಕಾಣುತ್ತದೆ ಎಂದು ಹೇಳಲು ಇಂಥ ಹೊಳೆ ಬೇಕು.

ಮಂಗಳವಾರ, ಸೊಪ್ಪಿನ ಬೆಟ್ಟ

ಶಿರಸಿಯಿಂದ ಸಾಲ್ಕಣಿ ಕಡೆಯ ದಾರಿ. 1983ರ ಸೆಪ್ಟೆಂಬರಿನಲ್ಲಿ ಇಲ್ಲಿಯ ಹೆಂಗಸರು, ಗಂಡಸರು, ಹುಡುಗರು ಕಡಿಯಲು ಗುರುತು ಹಾಕಿದ್ದ ಮರಗಳನ್ನು ತಬ್ಬಿ ನಿಂತರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಕಾಡಿನ ಬಗ್ಗೆ ಈ ಊರುಗಳಲ್ಲಿ ಮಾತಾಡುವಾಗ ಕಾಡು ಯಾಕೆ ಬೇಕು ಎಂದು ಮೊದಲಿನಿಂದ ಶುರುಮಾಡಬೇಕಾಗಿಲ್ಲ.

ಇಲ್ಲಿಯ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ಬಂದದ್ದು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ. ಅಲ್ಲಿಂದ ಹಸಿ ಸೊಪ್ಪು, ಒಣ ದರಕು (ಉದುರಿದ ಎಲೆ) ತಂದು ಕೊಟ್ಟಿಗೆಗೆ ಹಾಸುತ್ತಾರೆ, ಅದು ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಬೆಟ್ಟದ ಮೇಲಿನ ಒತ್ತಡ ಹೆಚ್ಚಾದರೆ ಮಣ್ಣಿಗೆ ಏನಾಗುತ್ತದೆ ಎಂಬುದು ಗೆಳೆಯನ ವಿಷಯ.

ಅವನು ಪ್ರೊಜೆಕ್ಟರ್ ತಂದಿರಲಿಲ್ಲ. ತಳ ಕತ್ತರಿಸಿ ಎರಡೂ ಬದಿ ತೆರೆದ ಎರಡು ತಗಡಿನ ಡಬ್ಬ, ಒಂದು ಕೊಡ ನೀರು, ಇಷ್ಟೇ. ಹತ್ತಿಪ್ಪತ್ತು ಜನ ಬೆಟ್ಟಕ್ಕೆ ಹತ್ತಿದೆವು. ಮರಗಳು ಒತ್ತಾಗಿದ್ದಲ್ಲಿ, ಮೊಣಕೈ ಉದ್ದದ ದೊಣ್ಣೆಯಿಂದ ದರಕು ಸರಿಸಿ, ಒಂದು ಡಬ್ಬವನ್ನು ಮಣ್ಣಿಗೆ ಒತ್ತಿ ನಿಲ್ಲಿಸಿದ. ಇನ್ನೊಂದನ್ನು ವರ್ಷವೂ ಗುಡಿಸಿ ಒಯ್ದು ಕೆಂಪು ಮೊರಡು (ಗಟ್ಟಿ ನೆಲ) ಮೇಲೆದ್ದ ಜಾಗದಲ್ಲಿ. ಎರಡಕ್ಕೂ ಒಂದೊಂದು ಚೊಂಬು ನೀರು ಹೊಯ್ದು, ಇಬ್ಬರು ಹುಡುಗರ ಕೈಗೆ ಮೊಬೈಲಿನ ಸ್ಟಾಪ್‌ವಾಚ್ ಕೊಟ್ಟ. ಮರದಡಿಯ ಡಬ್ಬದಲ್ಲಿ ನೀರು ನೋಡನೋಡುತ್ತಲೇ ಇಳಿಯಿತು. ಕಪ್ಪು ಮಣ್ಣಿನಲ್ಲಿ ಗುಳ್ಳೆಗಳೆದ್ದವು, ಒಂದು ಎರೆಹುಳ ತಲೆ ಹೊರಹಾಕಿ ಮತ್ತೆ ಒಳಗೆ ಹೋಯಿತು. ಮೊರಡಿನ ಮೇಲಿನ ಡಬ್ಬದಲ್ಲಿ ಕೆಂಪು ನೀರು ಹಾಗೇ ನಿಂತಿತ್ತು. ಅದನ್ನು ನೋಡುತ್ತ ನಾವು ಎಲೆಯಡಿಕೆ ಹಾಕಿ ಮುಗಿಸಿದರೂ ಅರ್ಧ ಇಳಿದಿರಲಿಲ್ಲ.

"ಮಳೆಗಾಲದಲ್ಲಿ ಹಳ್ಳ ಕೆಂಪಾಗುವುದು ಇಲ್ಲಿಂದಲೇ ಹಾಗಾದರೆ" ಎಂದರು ಒಬ್ಬ ಹೆಂಗಸು. ಅವರು ಅಷ್ಟು ಹೇಳಿದ ಮೇಲೆ ಗೆಳೆಯ ಗ್ರಾಫ್ ಬಿಡಿಸಿದ ಹಾಳೆಯನ್ನು ಚೀಲದಿಂದ ತೆಗೆಯಲೇ ಇಲ್ಲ.

ಆಮೇಲೆ ಮನೆಯಂಗಳದಲ್ಲಿ ಚರ್ಚೆ. ಹಿರಿಯರೊಬ್ಬರು ನೇರವಾಗಿ ಕೇಳಿದರು: "ತಮಾ, ನೀ ಹೇಳುವುದು ಸರಿ. ಪಾಳಿ ಮಾಡಿ ಬೆಟ್ಟಕ್ಕೆ ವಿಶ್ರಾಂತಿ ಕೊಡಬೇಕು. ನಮ್ಮ ಅಪ್ಪನ ಕಾಲದಲ್ಲಿ ಹಾಗೇ ಮಾಡ್ತಿದ್ರು. ಈಗ ಸೊಪ್ಪು ಕಡಿಯುವ ಜನ ಸಿಕ್ಕಿದ ದಿನ ಸಿಕ್ಕಿದ ಕಡೆ ಕಡಿಸುವುದು. ಆ ಲೆಕ್ಕ ನಿನ್ನ ಪುಸ್ತಕದಲ್ಲಿ ಉಂಟಾ?" ಇರಲಿಲ್ಲ. ಮಣ್ಣಿನ ವಿಷಯದಲ್ಲಿ ಆಳಿನ ಲೆಕ್ಕ ಬರುತ್ತದೆ ಎಂದು ಯಾವ ಗೈಡೂ ಹೇಳಿಕೊಡುವುದಿಲ್ಲ. ಇನ್ನೊಬ್ಬರಿಗೆ ಬೇರೆಯೇ ಕುತೂಹಲ: ಬೆಟ್ಟದಲ್ಲಿ ಇಂಗಿದ ನೀರು ತಮ್ಮ ತೋಟದ ಬಾವಿಗೆ ಎಷ್ಟು ದಿನಕ್ಕೆ ಬರುತ್ತದೆ? ಇದೇ ಒಂದು ಹೊಸ ಪಿಎಚ್‌ಡಿ. ಗೆಳೆಯ ಎರಡನ್ನೂ ಬರೆದುಕೊಂಡ.

ಮಳೆಗಾಲದಲ್ಲಿ ಅಡಿಕೆಕಾಯಿ ಉದುರಿಸುವ ಕೊಳೆರೋಗದ ಮಾತು ಬಾರದೆ ಅಡಿಕೆಯವರ ಕೂಟ ಮುಗಿಯುವುದುಂಟೆ? ಮೈಲುತುತ್ತದ ಬೆಲೆ, ಮರ ಹತ್ತುವ ಕೊನೆಗೌಡರ ಅಭಾವ, ಮಳೆ ಹೊಳವಾಗದೆ ಔಷಧಿ ಹೊಡೆಯಲಾಗದ ಕಷ್ಟ. ನನಗೆ ಲೆಸ್ಲಿ ಕೋಲ್ಮನ್ ನೆನಪಾದರು. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಈ ವಿಜ್ಞಾನಿ ಕೊಳೆರೋಗದ ಮೂಲವನ್ನು ಶೋಧಿಸಿ 1910ರಲ್ಲೇ ಪ್ರಕಟಿಸಿದರು, ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ತಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಇಲ್ಲಿ ಮಕ್ಕಳಿಗೂ ಬಾಯಿಪಾಠ. ಸಂಶೋಧನೆಯೊಂದು ಜನರ ಕೈ ಸೇರಿದರೆ ಅದು ಯಾರದೆಂಬುದು ಮರೆತೇ ಹೋಗುತ್ತದೆ, ಅದು ಊರಿನದಾಗುತ್ತದೆ. ಅಂಗಳದಲ್ಲಿದ್ದ ಯಾರೂ ಕೋಲ್ಮನ್ ಹೆಸರು ಕೇಳಿರಲಿಲ್ಲ. ಕತೆ ಹೇಳಿದಾಗ ಎಲ್ಲರೂ ಕಿವಿಗೊಟ್ಟು ಕೇಳಿದರು.

ಬುಧವಾರ, ಕತ್ತಲೆಕಾನು

ಈ ದಿನ ಹೊಳೆಯ ಗುಂಟ ಹೋಗುವುದನ್ನು ಬಿಟ್ಟು ಸಿದ್ದಾಪುರ ತಾಲೂಕಿನ ಕತ್ತಲೆಕಾನಿಗೆ ಹೋದೆವು. ಗೆಳತಿಯ ಕಪ್ಪೆಗಳು ಅಲ್ಲಿವೆ. ಹೆಸರಿಗೆ ತಕ್ಕ ಕಾನು. ಒಳಗೆ ರಾಮಪತ್ರೆ ಜಡ್ಡಿ, ವರ್ಷವಿಡೀ ನೀರು ಜಿನುಗುವ ಕೆಸರು ನೆಲದಲ್ಲಿ ಬೆಳೆದ ಬಹಳ ಹಳೆಯ ವಂಶದ ಮರಗಳು. ಕೆಸರಿನಲ್ಲಿ ಗಾಳಿ ಸಿಗದ ಬೇರುಗಳು ಮಂಡಿ ಮಡಚಿದಂತೆ ಮೇಲೆದ್ದು ಉಸಿರಾಡಿ ಮತ್ತೆ ಕೆಳಗಿಳಿಯುತ್ತವೆ. ಬೀಜ ಒಣಗಿದರೆ ಸತ್ತಂತೆ, ಅದನ್ನು ತೆಗೆದಿಟ್ಟು ಮುಂದಿನ ವರ್ಷ ನೆಡುವ ಮಾತೇ ಇಲ್ಲ. ಜಡ್ಡಿ ಒಣಗಿಸಿ ತೋಟ ಮಾಡಿದಲ್ಲಿ ಈ ಕಾಡು ತಾನಾಗಿ ಮರಳಿ ಬರುವುದಿಲ್ಲ. ಈ ಭಾಗದ ಸಿಂಗಳೀಕಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಘೋಷಿಸಿದ್ದರ ಹಿಂದೆ ಇಂಥ ಕಾಡುಗಳ ಅಧ್ಯಯನವೂ ಇತ್ತು.

ಮಧ್ಯಾಹ್ನ ಶಾಲೆಯಲ್ಲಿ ಗೆಳತಿ ಮಕ್ಕಳನ್ನು ನೆಲದ ಮೇಲೆ ಸುತ್ತ ಕೂರಿಸಿಕೊಂಡು ಕುಂಬಾರ ಕಪ್ಪೆಯ ಕತೆ ಹೇಳಿದಳು. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ವಿಜ್ಞಾನ ಲೋಕಕ್ಕೆ ಪರಿಚಯಿಸಿದ ಪ್ರಭೇದ ಇದು. ಹೆಣ್ಣು ಹಳ್ಳದ ಮೇಲೆ ಬಾಗಿದ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸಿ ಹೋಗುತ್ತದೆ. ಗಂಡು ಹಿಂಗಾಲ ಮೇಲೆ ಎದ್ದು ನಿಂತು, ಮುಂಗೈಗಳಿಂದ ಹಳ್ಳದ ಕೆಸರು ಬಾಚಿ ಬಾಚಿ ಮೊಟ್ಟೆಗೆ ಮೆತ್ತುತ್ತದೆ. ಕೆಸರು ಮೆತ್ತಿದ ಮೊಟ್ಟೆ ಬೇಗ ಒಣಗುವುದಿಲ್ಲ, ತಿನ್ನುವವರ ಕಣ್ಣಿಗೂ ಬೀಳುವುದಿಲ್ಲ ಎಂಬುದು ಸಂಶೋಧಕರ ಊಹೆ. ಗೆಳತಿ ಇದನ್ನು ಹೇಳುತ್ತಲೇ ಎದ್ದು ನಿಂತು ಕೈಯಾಡಿಸಿ ತೋರಿಸಿದಾಗ ಇಡೀ ತರಗತಿ ಎದ್ದು ಕೆಸರು ಮೆತ್ತತೊಡಗಿತು. ಒಬ್ಬ ಹುಡುಗ ಕೇಳಿದ: "ಮಳೆ ಜೋರಾಗಿ ಕೆಸರು ತೊಳೆದು ಹೋದ್ರೆ, ಮತ್ತೆ ಮೆತ್ತತ್ತಾ?" ಗೆಳತಿ ಒಂದು ಕ್ಷಣ ಸುಮ್ಮನಾಗಿ, "ನೋಡಬೇಕು ಪುಟ್ಟ, ಇಬ್ಬರೂ ಸೇರಿ ನೋಡೋಣ" ಎಂದಳು. ನಾನು ಅವಳ ಸೆಮಿನಾರುಗಳಲ್ಲಿ ಕೂತಿದ್ದೇನೆ. ಅಲ್ಲಿ ಕೇಳಿದ ಯಾವ ಪ್ರಶ್ನೆಯೂ ಅವಳ ಮುಖವನ್ನು ಹೀಗೆ ಬೆಳಗಿಸಿರಲಿಲ್ಲ.

ರಾತ್ರಿ ದೊಡ್ಡವರೊಂದಿಗೆ ಹಳ್ಳಕ್ಕೆ ಹೋದೆವು. ಬಾಗಿಲು ತಟ್ಟಿದಂಥ ಒಂದು ಕೂಗು ದೂರದಿಂದ ಬರುತ್ತಿತ್ತು. ಜೊತೆಗಿದ್ದ ಒಬ್ಬರಿಗೆ ಆ ಸದ್ದು ಚಿಕ್ಕಂದಿನಿಂದ ಗೊತ್ತು. ಅದು ಕಪ್ಪೆಯದೆಂದು ಗೊತ್ತಾದದ್ದು ಇವತ್ತು. ಯಾವ ಯಾವ ಹಳ್ಳದಲ್ಲಿ ಅದು ಕೇಳುತ್ತಿತ್ತು, ಯಾವುದರಲ್ಲಿ ನಿಂತುಹೋಯಿತು ಎಂದು ಅವರು ಬೆರಳು ಮಡಚುತ್ತ ಹೇಳುತ್ತ ಹೋದರು. ಗೆಳತಿ ಟಾರ್ಚ್ ಬೆಳಕಿನಲ್ಲಿ ನಕ್ಷೆಯ ಮೇಲೆ ಗುರುತು ಹಾಕುತ್ತ ಹೋದಳು. ಅವಳು ಪಿಎಚ್‌ಡಿಗೆ ಸೇರುವುದಕ್ಕೂ ಎಷ್ಟೋ ಮೊದಲಿನ ಹಳ್ಳಗಳು ಅವು.

ಗುರುವಾರ, ಘಟ್ಟದ ಕೆಳಗೆ

ಹೊನ್ನಾವರದ ಮೇಲಾಗಿ ಕುಮಟಾ. ದಿನವೆಲ್ಲ ಬಸ್ಸು, ಮಧ್ಯೆ ಮಧ್ಯೆ ಮಳೆ. ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ.

ದಾರಿಯಲ್ಲಿ ಮಾತ್ರ ಗೆಳೆಯ ದಾಂಡೇಲಿಯ ಬಿದಿರಿನ ಪ್ರಸಂಗ ತೆಗೆದ. ನಮ್ಮ ಜಿಲ್ಲೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ಸಂಶೋಧಕರೂ ತಿಳಿದಿರಬೇಕಾದ್ದು. 1970ರ ದಶಕದಲ್ಲಿ ಕಾಗದದ ಕಾರ್ಖಾನೆಗೆ ಒದಗಿಸುತ್ತಿದ್ದ ಬಿದಿರು ಕಡಿಮೆಯಾಗುತ್ತ ಬಂತು. ತಪ್ಪು ಹಳ್ಳಿಗರ ದನಗಳದ್ದು ಎಂದರು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಕಾಡಿಗೆ ಹೋಗಿ ನೋಡಿದಾಗ ಹಳ್ಳಿಗರು ಬೇರೆಯೇ ಮಾತು ಹೇಳಿದರು: ಬಿದಿರು ಮೆಳೆಯ ಬುಡದಲ್ಲಿರುವ ಮುಳ್ಳಿನ ಹೊದಿಕೆಯೇ ಎಳೆ ಕಳಲೆಗೆ ಕಾವಲು, ಕಡಿಯಲು ಸುಲಭವಾಗಲಿ ಎಂದು ಅದನ್ನು ಸವರಿ ಹಾಕಿದರೆ ದನ, ಮಂಗ, ಮುಳ್ಳುಹಂದಿ ಕಳಲೆಯನ್ನು ತಿಂದು ಮುಗಿಸುತ್ತವೆ. ಅಳೆದು ನೋಡಿದಾಗ ಹಳ್ಳಿಗರ ಮಾತೇ ನಿಜವಾಯಿತು. ಊರಿನವರನ್ನು ಕೇಳದೆ ಹೋಗಿದ್ದರೆ ಆ ಅಧ್ಯಯನ ತಪ್ಪು ದಾರಿಯಲ್ಲೇ ಸಾಗುತ್ತಿತ್ತು.

ಶುಕ್ರವಾರ, ಅಳಿವೆ

ನನ್ನ ಸರದಿ. ಬೆಳಗಿನ ಇಳಿತಕ್ಕೆ ಸರಿಯಾಗಿ ದಡದಲ್ಲಿದ್ದೆವು. ಅಘನಾಶಿನಿ ಅಳಿವೆಗೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ತೇವನೆಲ ಎಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಆ ಪಟ್ಟಿಯಲ್ಲಿ ಅದರ ಜೊತೆಗೇ ಕರ್ನಾಟಕದ ಮಾಗಡಿ ಕೆರೆ, ಅಂಕಸಮುದ್ರವೂ ಸೇರಿದವು. ದಡದ ಊರುಗಳಲ್ಲಿ ಹಲವರು ಆ ಹೆಸರು ಕೇಳಿದ್ದಾರೆ. ಅದರಿಂದ ಬಳಚು ತೆಗೆಯುವುದನ್ನು ನಿಲ್ಲಿಸುತ್ತಾರೋ ಎಂಬ ಹೆದರಿಕೆಯೂ ಅದರ ಜೊತೆಗೇ ಬಂದಿದೆ. ನಾನು ಮೊದಲು ಹೇಳಿದ್ದು ಇದನ್ನೇ: ರಾಮ್ಸಾರ್ ಒಪ್ಪಂದ ಕೇಳುವುದು ತೇವನೆಲದ ವಿವೇಕದ ಬಳಕೆಯನ್ನು. ಬಳಸುವವರನ್ನು ಹೊರಗಟ್ಟು ಎಂದು ಅದು ಹೇಳುವುದಿಲ್ಲ.

ಸೊಂಟದುದ್ದದ ನೀರಿನಲ್ಲಿ ಹೆಂಗಸರು ಕಾಲಿನಲ್ಲೇ ತಡಕಿ ಬಳಚು ಹೆಕ್ಕುತ್ತಾರೆ. ನೀರು ಮತ್ತೆ ಏರತೊಡಗಿದಾಗ ಎಲ್ಲರೂ ದಡಕ್ಕೆ ಬಂದರು. ನನ್ನ ಬಳಿ ಉಪ್ಪಿನಂಶ ನೋಡುವ ರಿಫ್ರಾಕ್ಟೋಮೀಟರ್ ಇತ್ತು, ಗೇಣುದ್ದದ ಕೊಳವೆ. ಒಂದು ತುದಿಯ ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು, ಮುಚ್ಚಳ ಇಳಿಸಿ, ಬೆಳಕಿಗೆ ಹಿಡಿದು ಕಣ್ಣಿಟ್ಟರೆ ಒಳಗೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆ ಎಲ್ಲಿದೆಯೋ ಅಷ್ಟು ಉಪ್ಪು. ಸಮುದ್ರದ ನೀರಾದರೆ ಲೀಟರಿಗೆ ಸುಮಾರು 35 ಗ್ರಾಂ. ಆಷಾಢದ ಹೊಳೆಯ ನೀರಾದರೆ ಗೆರೆ ಸೊನ್ನೆಗೆ ಅಂಟಿರುತ್ತದೆ. ಒಬ್ಬೊಬ್ಬರಾಗಿ ನೋಡಿದರು. ಎಲ್ಲರಿಗಿಂತ ಹಿರಿಯ ಅಮ್ಮ ಕೊಳವೆಗೆ ಕಣ್ಣಿಡುವ ಮೊದಲು ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು, "ನಿನ್ನೆಗಿಂತ ಸಪ್ಪೆ. ಘಟ್ಟದ ಮೇಲೆ ಮಳೆ ಬಂತೇನೋ" ಎಂದರು. ಬಂದಿತ್ತು, ನಾವು ಅದರಲ್ಲೇ ನೆನೆಯುತ್ತ ಇಳಿದು ಬಂದಿದ್ದೆವು.

ಚಿಪ್ಪಿನ ಮೇಲಿನ ಗೆರೆಗಳನ್ನು ತೋರಿಸಿದೆ. ಉಪ್ಪು ಇಳಿದು ಬೆಳವಣಿಗೆ ಕುಂಟಿದ ಕಾಲ ಚಿಪ್ಪಿನಲ್ಲಿ ಗೆರೆಯಾಗಿ ಉಳಿಯುತ್ತದೆ. ಎರಡು ಗಾಜಿನ ಭರಣಿಗಳಲ್ಲಿ ರಾಡಿ ನೀರು ತುಂಬಿ, ಒಂದರಲ್ಲಿ ಒಂದು ಹಿಡಿ ಜೀವಂತ ಬಳಚು ಹಾಕಿ ಬೆಳಿಗ್ಗೆಯೇ ನೆರಳಿಗೆ ಇಟ್ಟಿದ್ದೆ. ಬಳಚು ಇದ್ದ ಭರಣಿಯ ನೀರು ಈಗ ಆಚೆಯ ದೋಣಿ ಕಾಣುವಷ್ಟು ತಿಳಿಯಾಗಿತ್ತು. ಬಳಚು ನೀರು ಸೋಸಿಯೇ ಹೊಟ್ಟೆ ಹೊರೆಯುವ ಜೀವಿ. ಅಳಿವೆಯಲ್ಲಿ ಅದು ಕಡಿಮೆಯಾದರೆ ನೀರೂ ಬದಲಾಗುತ್ತದೆ.

ಮುಖ್ಯವಾದ ಮಾತು ಸಣ್ಣ ಬಳಚಿನದು. ಒಮ್ಮೆಯಾದರೂ ಮೊಟ್ಟೆ ಬಿಡುವ ಮೊದಲೇ ಹೆಕ್ಕಿದರೆ ಮುಂದಿನ ವರ್ಷಕ್ಕೆ ಏನೂ ಉಳಿಯುವುದಿಲ್ಲ. ಕೇರಳದ ಅಷ್ಟಮುಡಿ ಕಾಯಲಿನ ವಿಷಯ ಹೇಳಿದೆ. ತೊಂಬತ್ತರ ದಶಕದಲ್ಲಿ ಅಲ್ಲಿಯೂ ಬಳಚು ಬರಿದಾಗುತ್ತ ಬಂದಾಗ ವಿಜ್ಞಾನಿಗಳೂ ಮೀನುಗಾರರೂ ಒಟ್ಟಿಗೆ ಕೂತರು. ಡಿಸೆಂಬರಿನಿಂದ ಫೆಬ್ರುವರಿವರೆಗೆ ತೆಗೆಯಬಾರದು, ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಕಿರಿದಾಗಬಾರದು ಎಂಬ ಕಟ್ಟುಪಾಡು ಬಂತು. 2014ರಲ್ಲಿ ಅದು ಕಡಲ ಸಂಪತ್ತು ಬರಿದಾಗದಂತೆ ನಡೆಸುವ ಮೀನುಗಾರಿಕೆಗೆ ಕೊಡುವ ಎಂಎಸ್‌ಸಿ (ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್) ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಪಡೆದ ಭಾರತದ ಮೊದಲ ಮೀನುಗಾರಿಕೆಯಾಯಿತು.

"ಅಲ್ಲಿ ಸರಿ ತಂಗಿ. ಇಲ್ಲಿ ನಾ ಸಣ್ಣದು ಬಿಟ್ರೆ, ನಾಳೆ ಮತ್ತೊಬ್ಬರು ಬಂದು ಹೆಕ್ಕಿ ಒಯ್ತಾರೆ. ಮೂರು ತಿಂಗಳು ನಿಲ್ಸಿದ್ರೆ ಆ ಮೂರು ತಿಂಗಳು ಉಣ್ಣೂದು ಎಂತ?"

ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಗೊತ್ತಿತ್ತು. ಉತ್ತರ ನನ್ನ ಬಳಿ ಇರಲಿಲ್ಲ, ಇದೆ ಎಂದು ನಟಿಸಲೂ ಇಲ್ಲ. ಚಿಪ್ಪು ಅಳೆದು ಬರುವ ಉತ್ತರವಲ್ಲ ಅದು. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ, ನಾನು ಬದಿಗೆ ಸರಿದೆ, ಅವರವರಲ್ಲೇ ನಡೆಯಿತು. ಇಡೀ ಅಳಿವೆ ನಿಲ್ಲಿಸುವುದು ಆಗದ ಮಾತು, ಒಂದು ದಿಬ್ಬವನ್ನಾದರೂ ಬಿಡಬಹುದಲ್ಲ ಎಂದರು ಒಬ್ಬರು. ಯಾವ ದಿಬ್ಬ? ಇದರಲ್ಲಿ ಅರ್ಧ ಗಂಟೆ ಜಗಳ. ಗಂಡಸರು ದೋಣಿ ತಂದು ಮುಳುಗಿ ತೆಗೆಯುವ ಜಾಗ ಬೇರೆ, ಹೆಂಗಸರು ಕಾಲಲ್ಲಿ ತಡಕುವ ಜಾಗ ಬೇರೆ. ಹೆಂಗಸರ ಜಾಗವನ್ನೇ ಬಿಡುವುದಾದರೆ ಅದಕ್ಕೆ ಅವರ ಒಪ್ಪಿಗೆಯಿಲ್ಲ ಎಂದು ಆ ಹಿರಿಯ ಅಮ್ಮ ಕಡ್ಡಿ ಮುರಿದಂತೆ ಹೇಳಿದರು. ನನ್ನ ಪ್ರಬಂಧದ ನಕ್ಷೆಯಲ್ಲಿ ಆ ಎರಡು ಜಾಗಗಳ ನಡುವೆ ಗೆರೆಯಿಲ್ಲ. ಇನ್ನು ಹಾಕುತ್ತೇನೆ.

ಶನಿವಾರ, ಮಾಣಿಕಟ್ಟಾ

ಗಜನಿಯ, ಎಂದರೆ ಅಳಿವೆ ದಡದ ಉಪ್ಪು ನೀರಿನ ಗದ್ದೆಯ, ತುಂಬ ಕಗ್ಗ ಭತ್ತ ತೆನೆ ಬಾಗಿ ನಿಂತಿತ್ತು. ಉಪ್ಪು ನೀರು ತಾಳುವ, ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಸಾಯದ, ಆಳೆತ್ತರ ಬೆಳೆಯುವ ತಳಿ. ಮುಂಗಾರು ಮಳೆ ಗಜನಿಯ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಬಿತ್ತುತ್ತಾರೆ. ಕೊಯ್ಲಾದ ಮೇಲೆ ಗಜನಿಯ ಕಟ್ಟೆಯ ಬಾಗಿಲು ತೆರೆದು ಉಬ್ಬರದ ನೀರು ಒಳಬಿಟ್ಟರೆ ಕೂಳೆಯ ನಡುವೆ ಸೀಗಡಿ, ಮೀನು ಬೆಳೆಯುತ್ತವೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ಬರಿಯ ಸೀಗಡಿಗೆ ಬಿಟ್ಟ ಗಜನಿಗಳು ಹೆಚ್ಚುತ್ತಿರುವಾಗ ಈ ಬೀಜವನ್ನು ಉಳಿಸಿಕೊಂಡು ಬಂದಿರುವವರು ಇಲ್ಲಿಯ ರೈತರು. ಹವಾಮಾನ ಬದಲಾಗಿ ಸಮುದ್ರ ಏರುತ್ತಿರುವ ಕಾಲದಲ್ಲಿ ಅವರ ಕೈಯಲ್ಲಿರುವುದು ಎಷ್ಟು ದೊಡ್ಡ ಸಂಪತ್ತು ಎಂದು ಹೇಳುವಾಗ ನನ್ನ ಗಂಟಲು ಕಟ್ಟಿತು.

ರೈತರಿಗೆ ಬೇಕಾಗಿದ್ದದ್ದು ಮಾತ್ರ ಹೊಗಳಿಕೆಯಲ್ಲ, ಅಂಕಿ. ನನ್ನ ಬಳಿ ಅಳಿವೆಯ ಉಪ್ಪಿನ ತಿಂಗಳವಾರು ಲೆಕ್ಕ ಇದೆ ಎಂದು ಗೊತ್ತಾದದ್ದೇ ತಡ, "ಅದನ್ನು ಮೊದಲೇ ಕೊಡಬಾರದಿತ್ತಾ?" ಎಂದರು. ಬಿತ್ತನೆಗೆ ಗಜನಿಯ ಉಪ್ಪು ಎಷ್ಟಕ್ಕೆ ಇಳಿದಿರಬೇಕು ಎಂಬುದು ಅವರಿಗೆ ಕೈಯ ಅಂದಾಜಿನಲ್ಲಿ ಗೊತ್ತು. ಮಳೆ ಹಿಂದೆ ಮುಂದೆ ಆಗುತ್ತಿರುವ ಈಗಿನ ವರ್ಷಗಳಲ್ಲಿ ಅಂದಾಜಿನ ಜೊತೆ ಅಳತೆಯೂ ಇರಲಿ ಎಂಬುದು ಅವರ ಆಸೆ. ನನ್ನ ಅಳತೆಗಳೆಲ್ಲ ಹೊಳೆಯವು, ಗಜನಿಯ ಒಳಗಿನವಲ್ಲ. ಅದನ್ನು ಇನ್ನು ಮುಂದೆ ಅಳೆಯಬೇಕು.

ಯಾರು ಅಳೆಯುವುದು ಎಂಬುದು ಅಲ್ಲೇ ತೀರ್ಮಾನವಾಯಿತು. ರಿಫ್ರಾಕ್ಟೋಮೀಟರನ್ನು ಊರಿನ ಶಾಲೆಗೆ ಬಿಟ್ಟೆ. ಮೇ ತಿಂಗಳಿನಿಂದ ಬಿತ್ತನೆ ಮುಗಿಯುವವರೆಗೆ ವಾರಕ್ಕೊಮ್ಮೆ ಮೇಷ್ಟ್ರು ಮತ್ತು ದೊಡ್ಡ ತರಗತಿಯ ಮಕ್ಕಳು ಗಜನಿಯ ಮೂರು ಕಡೆ ನೋಡಿ ಪಂಚಾಯತಿಯ ಬೋರ್ಡಿನ ಮೇಲೆ ಬರೆಯುತ್ತಾರೆ, ಫೋಟೋ ನನಗೆ ಕಳಿಸುತ್ತಾರೆ. ಬೇಸಿಗೆ ರಜೆಯಲ್ಲಿ ಯಾರು ಎಂಬ ಪ್ರಶ್ನೆಗೆ ಗಜನಿಯ ಬಾಗಿಲು ಕಾಯುವವರು ತಾವೇ ನೋಡುತ್ತೇವೆ ಎಂದರು, ಕೊಳವೆ ಹಿಡಿಯುವುದನ್ನು ಆಗಲೇ ಕಲಿತುಕೊಂಡರು. ನನ್ನ ಹಳೆಯ ಲೆಕ್ಕವನ್ನೆಲ್ಲ ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ, ಭರತ ಇಳಿತದ ಹೊತ್ತಿನೊಂದಿಗೆ ಬರೆದು ದೀಪಾವಳಿಯ ಒಳಗೆ ಕಳಿಸಬೇಕೆಂದು ತಾಕೀತು ಮಾಡಿದರು. ಇದನ್ನು ಬರೆದು ಮುಗಿಸಿ ಆ ಹಾಳೆಗೇ ಕೂರುತ್ತಿದ್ದೇನೆ.